ಹೊಳೆ ದಾಟಿದ ಜಂಗುಳಿ

ಪ್ರವಾಸದ ಬಗ್ಗೆ ಬುದ್ಧಿ ಹೇಳುವವರೆಲ್ಲ ಈಚೆಗೆ ಒಂದೇ ರಾಗ ಎಳೆಯುತ್ತಾರೆ: ಎಲ್ಲರೂ ಹೋಗುವ ಕಡೆ ಹೋಗಬೇಡಿ, ಯಾರೂ ಹೋಗದ ಕಡೆ ಹೋಗಿ. ಮೈಸೂರು, ಮಡಿಕೇರಿ, ಹಂಪಿ ಎಲ್ಲ ತುಂಬಿ ತುಳುಕುತ್ತಿವೆ. ದಸರಾ ರಜೆ ಬಂತೆಂದರೆ ಗಾಡಿ ನಿಲ್ಲಿಸಲು ಜಾಗವಿಲ್ಲ, ಗುಡಿಯ ಕಂಬ ನೋಡಬೇಕಾದರೆ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವವರು ಮೊದಲು ಸರಿಯಬೇಕು. ಅದಕ್ಕೇ ಸದ್ದಿಲ್ಲದ ಊರು ಹುಡುಕಿಕೊಳ್ಳಿ, ದೊಡ್ಡ ಊರಿನ ಹೊರೆಯೂ ಇಳಿಯುತ್ತದೆ, ಸಣ್ಣ ಊರಿನವರ ಕೈಗೂ ನಾಲ್ಕು ಕಾಸು ಸಿಗುತ್ತದೆ ಎನ್ನುವುದು ಅವರ ಲೆಕ್ಕ. ಕೇಳಲು ಚೆಂದದ ಮಾತು, ನ್ಯಾಯದ ಮಾತಿನ ಹಾಗೂ ಕಾಣುತ್ತದೆ. ಆದರೆ ಈ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೆ ಕರ್ನಾಟಕದಲ್ಲಿ ಹನುಮನಹಳ್ಳಿಯಂಥ ಜಾಗ ಇನ್ನೊಂದು ಸಿಗಲಾರದು. ಏಕೆಂದರೆ ಅಲ್ಲಿ ಈ ಉಪದೇಶವನ್ನು ಜನ ಒಂದಲ್ಲ, ಮೂರು ಸಲ ಪಾಲಿಸಿಯಾಗಿದೆ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಈ ಹಳ್ಳಿ ಆನೆಗುಂದಿಯಿಂದ ಸಾಣಾಪುರದ ಕಡೆ ಹೋಗುವ ರಸ್ತೆಯಲ್ಲಿದೆ. ಒಂದು ಮಗ್ಗುಲಿಗೆ ಗುಂಡುಕಲ್ಲುಗಳ ಗುಡ್ಡ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ, ನಡುವೆ ಭತ್ತದ ಗದ್ದೆ, ಬಾಳೆತೋಟ. ಹೊಳೆಯ ಆಚೆ ದಡಕ್ಕೆ ಹಂಪಿ. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. ಬೆನ್ನಿಗೆ ಚೀಲ ಕಟ್ಟಿಕೊಂಡು ಬರುತ್ತಿದ್ದ ವಿದೇಶಿಯರು ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಆಸುಪಾಸಿನಲ್ಲೇ ಅಗ್ಗದ ಕೋಣೆ ಹಿಡಿದು ಇರುತ್ತಿದ್ದರು. ಬಜಾರು ಗಿಜಿಗುಡತೊಡಗಿದಾಗ ಪ್ರಶಾಂತ ಜಾಗ ಬೇಕೆಂದವರು ಹೊಳೆ ದಾಟಿ ವಿರೂಪಾಪುರಗಡ್ಡಿಗೆ ಹೋದರು. ಅದಕ್ಕೆ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರೂ ಬಿತ್ತು. 2011ರ ಜುಲೈನಲ್ಲಿ ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ಬದುಕಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ಕೆಡವಿದರು. ಗಡ್ಡಿಯ ಕಡೆ ಸೆಳೆತ ಇನ್ನಷ್ಟು ಹೆಚ್ಚಿತು. ಗಡ್ಡಿಯ ರೆಸಾರ್ಟುಗಳು ಅಕ್ರಮ ಎಂದು 2015ರಲ್ಲಿ ಹೈಕೋರ್ಟ್ ಹೇಳಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಅಲ್ಲಿಂದ ಎದ್ದ ವಹಿವಾಟು ಮಾಯವಾಗಲಿಲ್ಲ. ಸಾಣಾಪುರ, ಹನುಮನಹಳ್ಳಿ, ಆನೆಗುಂದಿಯ ರಸ್ತೆಬದಿಗೆ ಬಂತು. ಹೋಂಸ್ಟೇ, ಕೆಫೆ, ಬಾಡಿಗೆ ಸ್ಕೂಟಿ, ತೆಪ್ಪದ ಸವಾರಿ ಎಂಬ ಫಲಕಗಳು ಈಗ ಗದ್ದೆಯ ಬದುವಿನಲ್ಲಿ ನಿಂತಿವೆ.

ಈ ಮೂರೂ ಜಾಗಗಳು ತಮ್ಮ ತಮ್ಮ ಕಾಲದಲ್ಲಿ ‘ಯಾರಿಗೂ ಗೊತ್ತಿಲ್ಲದ’ ಜಾಗಗಳೇ ಆಗಿದ್ದವು. ಜನರನ್ನು ಚದುರಿಸಿದರೆ ಹೊರೆ ಹಗುರಾಗುತ್ತದೆ ಎಂಬ ವಾದಕ್ಕೆ ಇಲ್ಲಿ ಸಿಗುವ ಉತ್ತರ ನಿರಾಶೆಯದು. ಹಂಪಿಯ ಹೊರೆ ಇಳಿಯಲಿಲ್ಲ, ಅದರ ಗದ್ದಲಕ್ಕೆ ಇನ್ನೊಂದು ದಡ ಸೇರಿಕೊಂಡಿತು. ಹಾಗೆಂದು ಸಣ್ಣ ಊರುಗಳಿಗೆ ಯಾರೂ ಹೋಗಲೇಬಾರದು ಎನ್ನುವುದು ನನ್ನ ವಾದವಲ್ಲ. ನಾನು ಹೇಳುವುದು ಸರತಿಯ ಬಗ್ಗೆ. ಯಾವ ಊರಿಗೇ ಆಗಲಿ ಮೊದಲು ಹೆಸರು ಬಂತೋ, ಮೊದಲು ವ್ಯವಸ್ಥೆ ಬಂತೋ ಎಂಬುದರ ಮೇಲೆ ಆ ಊರಿನ ಹಣೆಬರಹ ನಿಂತಿದೆ. ಗಡ್ಡಿಯಲ್ಲಿ ಕಾನೂನು ಇರಲಿಲ್ಲವೆಂದಲ್ಲ: 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆ ಇತ್ತು, ಅದರಡಿ 1988ರ ಅಧಿಸೂಚನೆ ಇತ್ತು, 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆಂದೇ ಒಂದು ಕಾಯ್ದೆಯೂ ಬಂತು. ಕಾಗದದಲ್ಲಿ ಎಲ್ಲ ಇತ್ತು. ನೆಲದ ಮೇಲೆ ಮಾತ್ರ ಮೊದಲು ಅತಿಥಿ ಬಂದ, ಆಮೇಲೆ ಗುಡಿಸಲು, ಆಮೇಲೆ ಕಾಂಕ್ರೀಟು, ಆಮೇಲೆ ನೋಟಿಸು, ಕೊನೆಗೆ ಜೆಸಿಬಿ. ನೆಂಟರು ಪಂಕ್ತಿಯಲ್ಲಿ ಕೂತ ಮೇಲೆ ಅಕ್ಕಿ ತರಲು ಅಂಗಡಿಗೆ ಓಡಿದಂತೆ.

‘ಅಜ್ಞಾತ ತಾಣ’ ಎಂಬ ಮಾತಿನಲ್ಲೇ ಸ್ವಲ್ಪ ಠೇಂಕಾರವಿದೆ. ಯಾರಿಗೆ ಅಜ್ಞಾತ? ಹನುಮನಹಳ್ಳಿಯ ಪಕ್ಕದ ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಉತ್ತರ ಕರ್ನಾಟಕದ ಜನ ಯಾವ ಜಾಹೀರಾತೂ ಇಲ್ಲದ ಕಾಲದಿಂದ ಹತ್ತುತ್ತಿದ್ದಾರೆ. ಹನುಮಮಾಲೆ ವಿಸರ್ಜನೆಯ ದಿನ ಕೇಸರಿ ಬಟ್ಟೆ ತೊಟ್ಟು ಬರುವ ಭಕ್ತರಿಂದ ಇಡೀ ಗುಡ್ಡ ತುಂಬಿಹೋಗುತ್ತದೆ. ಪಂಪಾಸರೋವರ, ವಾಲಿಕೋಟೆ, ಋಷ್ಯಮೂಕ ಎಲ್ಲ ಕೂಗಳತೆಯಲ್ಲಿ. ಆನೆಗುಂದಿಯ ಹತ್ತಿರದ ನಡುಗಡ್ಡೆಯಲ್ಲಿ ಮಾಧ್ವರ ನವವೃಂದಾವನ. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳ ನೀರು ಈಗಲೂ ಈ ಸೀಮೆಯ ಗದ್ದೆಗೆ ಹರಿಯುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಯಸ್ ಇಲ್ಲಿನ ಹೊಳೆಯನ್ನು ಜನ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ ಎಂದು ಅದರ ರಚನೆಯನ್ನೂ ವಿವರಿಸಿದ್ದಾನೆ. ಐನೂರು ವರ್ಷಗಳಲ್ಲಿ ಹರಗೋಲಿನಲ್ಲಿ ಆದ ಬದಲಾವಣೆ ಎಂದರೆ ಹೊದಿಕೆ ಮಾತ್ರ: ಹೆಣಿಗೆ ಹಾಗೇ ಇದೆ, ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರಿನ ಲೇಪ. ಆಗ ಅದು ಹೊಳೆ ದಾಟುವ ಸಾಧನ. ಈಗ ಸಾಣಾಪುರದ ಕೆರೆಯ ನಡುವೆ ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗುವ ಆಟಿಕೆ. ಅಂದಹಾಗೆ ಆ ಕೆರೆಯೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಲಾಶಯ, ರೈತರ ಸ್ವತ್ತು.

ಹಾಗಾದರೆ ಹೊರಗಿನವರನ್ನು ಇಂಥ ಊರಿಗೆ ಎಳೆಯುವುದು ಯಾವುದು? ಗದ್ದೆಯ ಹಸಿರು, ಬಂಡೆಯ ಮೇಲಿನ ಸೂರ್ಯಾಸ್ತ ಎಂದು ಹೇಳಿಕೊಳ್ಳುತ್ತಾರೆ. ಇವು ಹಂಪಿಯಲ್ಲೂ ಇವೆ. ಹಂಪಿಯಲ್ಲಿ ಇರುವ, ಇಲ್ಲಿ ಇಲ್ಲದ ಸಂಗತಿಗಳೇ ಬೇರೆ: ಟಿಕೆಟ್ಟು, ಕಾವಲುಗಾರ, ಬೇಲಿ, ಇಷ್ಟು ಗಂಟೆಗೆ ಬಾಗಿಲು ಎಂಬ ಫಲಕ. ಕೇಳುವವರಿಲ್ಲ ಎಂಬುದೇ ಸಣ್ಣ ಊರಿನ ಮುಖ್ಯ ಆಕರ್ಷಣೆ. ಅಪಾಯ ಇರುವುದೂ ಅಲ್ಲೇ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ತುಂಗಭದ್ರೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸೆಳವಿನಲ್ಲಿ ಕೊಚ್ಚಿಹೋದರು. ಮರು ತಿಂಗಳೇ ರಾತ್ರಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ದಾಳಿಯಾಯಿತು. ಇಸ್ರೇಲಿನ ಮಹಿಳೆಯೊಬ್ಬರ ಮೇಲೂ ಸ್ಥಳೀಯ ಹೋಂಸ್ಟೇ ಒಡತಿಯ ಮೇಲೂ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಿಸಿಕೊಂಡ ಯುವಕನೊಬ್ಬ ಹೆಣವಾಗಿ ಸಿಕ್ಕ. ಅಪರಾಧದ ಹೊಣೆ ಅಪರಾಧಿಗಳದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಪರವಾನಗಿ ಇದೆ, ಯಾರಿಗಿಲ್ಲ, ರಾತ್ರಿ ಗಸ್ತು ಯಾರದು ಎಂಬ ಪ್ರಶ್ನೆಗಳು ಜೋರಾಗಿ ಎದ್ದದ್ದು ಹೆಣ ಸಿಕ್ಕ ಮೇಲೆ. ಊರಿನ ಹೆಸರು ಮಾತ್ರ ಅಷ್ಟರಲ್ಲಿ ಇಸ್ರೇಲಿನವರೆಗೆ ಮುಟ್ಟಿಯಾಗಿತ್ತು.

ಕೇಳುವವರಿಲ್ಲದ ಜಾಗದಲ್ಲಿ ನಷ್ಟ ಮನುಷ್ಯರಿಗಷ್ಟೇ ಅಲ್ಲ. ತುಂಗಭದ್ರಾ ಜಲಾಶಯದಿಂದ ಕಂಪ್ಲಿಯವರೆಗಿನ 34 ಕಿಲೊಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ; ದೇಶದಲ್ಲಿ ಇಂಥದ್ದು ಇದೇ ಮೊದಲು. ಹನುಮನಹಳ್ಳಿಯ ದಂಡೆ ಅದರೊಳಗೇ ಬರುತ್ತದೆ. ನೀರುನಾಯಿ ಮರಿಹಾಕುವುದು ದಡದ ಬಂಡೆಗಳ ಸಂದಿಯಲ್ಲಿ. ಸಂಜೆ ಸ್ಪೀಕರ್ ಇಟ್ಟು ಬಿಯರ್ ಬಾಟಲಿ ಒಡೆಯಲು ಹುಡುಗರು ಹುಡುಕುವುದೂ ಅದೇ ಬಂಡೆಗಳನ್ನೇ. ‘ಏಕಾಂತ’ ಬೇಕೆಂದು ಬಂದವರಿಗೆ ತಾವು ಇನ್ನೊಬ್ಬರ ಏಕಾಂತದೊಳಗೆ ಕೂತಿದ್ದೇವೆ ಎಂಬ ಸುಳಿವೂ ಇರುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ತೂಕದ್ದು: ನೀರುನಾಯಿಯ ಚಿಂತೆ ಸರಿ, ಊರಿನವರ ಹೊಟ್ಟೆಯ ಚಿಂತೆ? ಗಂಗಾವತಿ ಸೀಮೆಯನ್ನು ಭತ್ತದ ಕಣಜ ಎನ್ನುತ್ತಾರೆ, ಆದರೆ ಕಣಜದ ಬೀಗದ ಕೈ ಇರುವುದು ಮುನಿರಾಬಾದಿನ ಅಣೆಕಟ್ಟಿನಲ್ಲಿ. 133 ಟಿಎಂಸಿ ಅಡಿ ನೀರು ಹಿಡಿಯಬೇಕಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎರಡನೇ ಬೆಳೆಯ ಗತಿ ಏನೆಂದು ಇಡೀ ಅಚ್ಚುಕಟ್ಟು ಪ್ರದೇಶ ದಿಗಿಲುಬಿದ್ದಿತು. ಅಂಥ ಊರಿನಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬರುವ ದುಡ್ಡು ಮಗಳ ಫೀಸು, ಸಾಲದ ಕಂತು. ಇದನ್ನು ಬೇಡವೆನ್ನಲು ನಗರದಲ್ಲಿ ಕೂತು ಬರೆಯುವವರಿಗೆ ಯಾವ ಹಕ್ಕಿದೆ? ಯಾವ ಹಕ್ಕೂ ಇಲ್ಲ, ಒಪ್ಪುತ್ತೇನೆ. ಆದರೆ ಇದೇ ಆಕ್ಷೇಪವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಅದು ನನ್ನ ಮಾತಿಗೇ ಸಾಕ್ಷಿ ಹೇಳುತ್ತದೆ. ತನ್ನ ಮನೆಯ ಎರಡು ಕೋಣೆ ಬಿಟ್ಟುಕೊಟ್ಟು, ತನ್ನ ಅಡುಗೆಮನೆಯ ರೊಟ್ಟಿ ಬಡಿಸುವವನಿಗೆ ಸಿಗುವ ದುಡ್ಡು ಬೇರೆ. ಗದ್ದೆಯನ್ನು ಲೀಸಿಗೆ ಕೊಟ್ಟು, ಅಲ್ಲೆದ್ದ ರೆಸಾರ್ಟಿನಲ್ಲಿ ವಾಚ್‌ಮನ್ ಆಗಿ ನಿಲ್ಲುವವನಿಗೆ ಸಿಗುವುದು ಬೇರೆ. ವ್ಯವಸ್ಥೆ ಮೊದಲು ಇಲ್ಲದಿದ್ದರೆ ಬಂಡವಾಳ ಇದ್ದವನು ಮೊದಲು ಬರುತ್ತಾನೆ. ನೋಟಿಸು ಬಂದಾಗ ಅವನಿಗೆ ವಕೀಲರಿರುತ್ತಾರೆ, ಇನ್ನೊಂದು ಊರಿರುತ್ತದೆ. ಕೆಡವಿದ ಕಟ್ಟಡದ ಕಲ್ಲು, ಕಬ್ಬಿಣ ಆರಿಸಿ ಗದ್ದೆಯನ್ನು ಮತ್ತೆ ಗದ್ದೆ ಮಾಡುವ ಪಾಡು ನೆಲದ ಒಡೆಯನದು.

ನಿಯಮ ಎಂದ ಕೂಡಲೇ ಆ ಸೀಮೆಯವರು ಮುಖ ಸಿಂಡರಿಸುವುದಕ್ಕೂ ಕಾರಣವಿದೆ. ಪರಂಪರೆಯ ಗೆರೆಯೊಳಗೆ ಬರುವ ಹಳ್ಳಿಗಳಲ್ಲಿ ಮಗನ ಮದುವೆಗೆಂದು ಒಂದು ಕೋಣೆ ಎತ್ತಬೇಕಾದರೂ ಪ್ರಾಧಿಕಾರದ ಬಾಗಿಲು ಕಾಯಬೇಕು. ಸೇತುವೆಯ ಕಥೆಯನ್ನೇ ನೋಡಿ. ಆನೆಗುಂದಿಗೆ ಸೇತುವೆ ಕಟ್ಟಲು ಹೊರಟದ್ದು ಹಂಪಿಯನ್ನು 1999ರಲ್ಲಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ತಳ್ಳಿತು; 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು; 2009ರ ಜನವರಿಯಲ್ಲಿ ಅರ್ಧ ಕಟ್ಟಿದ ಸೇತುವೆ ಕುಸಿದು ಕೂಲಿಕಾರರು ಸತ್ತರು. ಅಷ್ಟೂ ವರ್ಷ ಈಚೆ ದಡದ ಬಸುರಿಯರು, ಕಾಲೇಜು ಹುಡುಗರು ಹೊಸಪೇಟೆಗೆ ಹೋಗಲು ಹರಗೋಲು ಏರಬೇಕಿತ್ತು, ಇಲ್ಲವೇ ಸುತ್ತುಬಳಸಿ ಹೋಗಬೇಕಿತ್ತು. ಕಡೇಬಾಗಿಲು–ಬುಕ್ಕಸಾಗರದ ಸೇತುವೆ ಆದದ್ದು ಬಹಳ ತಡವಾಗಿ. ಪರಂಪರೆಯ ಹೆಸರಿನಲ್ಲಿ ಊರಿನವರು ತೆತ್ತ ಬೆಲೆ ಇದು. ಹಾಗಾಗಿ ವ್ಯವಸ್ಥೆ ಎಂದಾಗ ನನ್ನ ಮನಸ್ಸಿನಲ್ಲಿರುವುದು ಬೇಡ ಬೇಡ ಎನ್ನುವ ಇನ್ನೊಂದು ಕಚೇರಿಯಲ್ಲ. ಎಷ್ಟು ಕೋಣೆ, ಯಾರ ಹೆಸರಿನಲ್ಲಿ, ಕಸ ಎಲ್ಲಿಗೆ, ಸಂಡಾಸಿನ ನೀರು ಎಲ್ಲಿಗೆ, ಯಾವ ಬಂಡೆಯ ಹತ್ತಿರ ಇಳಿಯಬಾರದು, ರಾತ್ರಿ ಎಷ್ಟು ಗಂಟೆಗೆ ಹೊಳೆದಂಡೆ ಬಿಡಬೇಕು ಎಂದು ಊರೇ ಕೂತು ಹೇಳಿ, ಪಂಚಾಯಿತಿ ಬರೆದುಕೊಂಡು, ಸರ್ಕಾರ ಅದಕ್ಕೆ ಮೊಹರು ಒತ್ತುವಂಥದ್ದು. ಆನೆಗುಂದಿಯ ಹೆಣ್ಣುಮಕ್ಕಳು ಬಾಳೆದಿಂಡಿನ ನಾರಿನಿಂದ ಬುಟ್ಟಿ, ಚೀಲ ಹೆಣೆದು ಮಾರುವುದನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಪ್ರವಾಸಿಯ ದುಡ್ಡು ಊರಿನ ಕೈಗೆ ನೇರವಾಗಿ ಬರುವ ದಾರಿ ಹೊಸದೇನೂ ಅಲ್ಲ.

ಎರಡನೆಯ ಆಕ್ಷೇಪ ಸ್ವಲ್ಪ ಚುಚ್ಚುವಂಥದ್ದು. ಜನಜಂಗುಳಿಯ ಬಗ್ಗೆ ಗೊಣಗುವವರು ತಮ್ಮನ್ನು ಜಂಗುಳಿಯಲ್ಲಿ ಎಣಿಸಿಕೊಳ್ಳುವುದೇ ಇಲ್ಲ; ತಾವು ನೋಡಿ ಬಂದ ಮೇಲೆ ಬಾಗಿಲು ಹಾಕಿ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳು ಬಸ್ಸು ತುಂಬಿಕೊಂಡು ಧರ್ಮಸ್ಥಳ, ಹುಲಿಗಿ, ಅಂಜನಾದ್ರಿ ಎಂದು ಹೊರಟಾಗ ಈ ಗೊಣಗಾಟ ಚೆನ್ನಾಗಿ ಕೇಳಿಬಂತು. ತವರಿಗೆ ಹೋಗಲೂ ಗಂಡನ ಜೇಬು ನೋಡಬೇಕಿದ್ದವರು ತಿರುಗಾಟಕ್ಕೆ ಹೊರಟರೆ ಅದನ್ನು ‘ಮಾಸ್ ಟೂರಿಸಂ’ ಎಂದು ಮೂಗು ಮುರಿಯುವುದು ಸಣ್ಣತನ. ಆದರೆ ಅವರು ಹೋದದ್ದು ಎಲ್ಲಿಗೆ ಎಂದು ಗಮನಿಸಬೇಕು. ನೂರಾರು ವರ್ಷಗಳಿಂದ ಜನರನ್ನು ಬರಮಾಡಿಕೊಂಡು, ಉಣಿಸಿ, ಕಳಿಸಿ ರೂಢಿಯಿರುವ ಕ್ಷೇತ್ರಗಳಿಗೆ. ಜಂಗುಳಿಗೆ ಹೆದರದ ಊರುಗಳು ಅವು. ‘ಯಾರೂ ಮುಟ್ಟದ’ ಹೊಳೆದಂಡೆ ಬೇಕೆಂದು ಹಟ ಹಿಡಿಯುವ ಸುಶಿಕ್ಷಿತ ಪ್ರವಾಸಿಗಿಂತ ಬಸ್ಸಿನ ಕಿಟಕಿಯಲ್ಲಿ ಸೀರೆಯ ಸೆರಗು ಹಾರಿಸಿಕೊಂಡು ಹೋಗುವ ಆ ಹೆಂಗಸು ನೆಲಕ್ಕೆ ಮಾಡುವ ಹಾನಿ ಕಡಿಮೆ.

ಈ ರೂಢಿ ಎಂದರೇನೆಂದು ತಿಳಿಯಲು ಕೊಪ್ಪಳದ ಗವಿಮಠದ ಜಾತ್ರೆ ನೋಡಬೇಕು. ಜನವರಿಯಲ್ಲಿ ನಡೆಯುವ ಆ ಜಾತ್ರೆಗೆ ಬರುವವರ ಲೆಕ್ಕ ಲಕ್ಷಗಳಲ್ಲಿ. ಹನುಮನಹಳ್ಳಿಯ ರಸ್ತೆಗೆ ಒಂದು ವಾರಾಂತ್ಯದಲ್ಲಿ ಬರುವ ಕಾರುಗಳೆಲ್ಲ ಅದರ ಮುಂದೆ ಏನೂ ಅಲ್ಲ. ಆದರೂ ಅದು ನಡೆಯುತ್ತದೆ, ಏಕೆಂದರೆ ಅತಿಥಿ ಬರುವ ಮೊದಲೇ ರೊಟ್ಟಿ ಬಂದಿರುತ್ತದೆ. ವಾರಗಟ್ಟಲೆ ಮುಂಚೆ ಸುತ್ತಲ ಹಳ್ಳಿಗಳ ಮನೆಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ, ಕಟಕ್ ಎನ್ನುವ ಹಾಗೆ ಒಣಗಿಸಿ, ಟ್ರ್ಯಾಕ್ಟರಿನಲ್ಲಿ ಹೇರಿ, ಕೆಲವು ಊರಿನವರು ಮೆರವಣಿಗೆಯಲ್ಲೇ ತಂದು ಮಠಕ್ಕೆ ಒಪ್ಪಿಸುತ್ತಾರೆ. ಮಾದಲಿ, ಕಾಳುಪಲ್ಲೆಯ ಜವಾಬ್ದಾರಿಯೂ ಹೀಗೇ ಹಂಚಿಹೋಗಿರುತ್ತದೆ. ಬರುವವನು ಗಿರಾಕಿಯಲ್ಲ, ಬಡಿಸುವವನು ವೇಟರ್ ಅಲ್ಲ. ಎಲ್ಲಕ್ಕಿಂತ ಮುಖ್ಯ, ಜಾತ್ರೆಗೆ ಒಂದು ತಿಥಿ ಇದೆ. ತೇರು ಎಳೆದು ದಾಸೋಹ ಮುಗಿದ ಮೇಲೆ ಊರು ತನ್ನ ಪಾಡಿಗೆ ತಾನಾಗುತ್ತದೆ. ರೆಸಾರ್ಟಿಗೆ ತಿಥಿಯಿಲ್ಲ. ಅಲ್ಲಿ ದಿನವೂ ಜಾತ್ರೆ, ಆದರೆ ಊರಿನವರೇ ಪರಕೀಯರು.

ಜಾತ್ರೆಯನ್ನು ಬಹಳ ಹೊಗಳಬೇಡಿ, ಮಾರನೆಯ ದಿನ ಬಯಲಿನಲ್ಲಿ ಬಿದ್ದ ಪ್ಲಾಸ್ಟಿಕ್ ನೋಡಿದ್ದೀರಾ ಎಂದು ಕೇಳಬಹುದು. ನಿಜ. ಭಕ್ತಿಗೂ ಸ್ವಚ್ಛತೆಗೂ ನಮ್ಮಲ್ಲಿ ಅಂಥ ನೆಂಟಸ್ತಿಕೆಯಿಲ್ಲ. ಅಂಜನಾದ್ರಿಯ ಮೆಟ್ಟಿಲುಗಳ ಬದಿಯೇ ಅದನ್ನು ಹೇಳುತ್ತದೆ. 2022ರ ರಾಜ್ಯ ಬಜೆಟ್ಟಿನಲ್ಲಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾದಾಗ ನಡೆದ ಚರ್ಚೆಯೆಲ್ಲ ರೋಪ್‌ವೇ, ಯಾತ್ರಿ ನಿವಾಸ, ಅಗಲ ರಸ್ತೆಗಳ ಸುತ್ತ. ಕಸದ ಮಾತು ಎತ್ತಿದವರು ಕಡಿಮೆ. ಜಾತ್ರೆ ಮಾದರಿ ಎಂದದ್ದು ಅದು ಪರಿಶುದ್ಧ ಎಂಬ ಕಾರಣಕ್ಕಲ್ಲ. ಯಾವಾಗ ಬರಬೇಕು, ಎಲ್ಲಿ ಇಳಿಯಬೇಕು, ಏನು ಉಣ್ಣಬೇಕು ಎಂಬುದನ್ನು ಬರುವವನು ತೀರ್ಮಾನಿಸದೆ ಊರು ತೀರ್ಮಾನಿಸುತ್ತದೆ ಎಂಬ ಕಾರಣಕ್ಕೆ.

ಇಷ್ಟು ಹೇಳಿದ ಮೇಲೆ, ಕೊಪ್ಪಳ ಜಿಲ್ಲೆಗೆ ಹೋಗಬೇಕೆನ್ನುವವರು ಎಲ್ಲಿಗೆ ಹೋಗಬೇಕು? ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಕಾಲಿದ್ದವರ ಕೊರತೆ ಯಾವತ್ತೂ ಆಗಲಿಲ್ಲ. ಕನಕಗಿರಿಗೆ ಗಂಗಾವತಿಯಿಂದ ಬಸ್ಸಿದೆ; ಕನಕಾಚಲಪತಿ ಗುಡಿಯ ಮಂಟಪದ ಕೆತ್ತನೆಯ ಮುಂದೆ ಎಷ್ಟು ಹೊತ್ತು ನಿಂತರೂ ಸರಿಯಿರಿ ಎನ್ನುವವರಿಲ್ಲ; ಹಸಿದರೆ ಪೇಟೆಯಲ್ಲಿ ಖಾನಾವಳಿ. ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳಿವೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಎಣಿಸಿದ ಊರುಗಳಲ್ಲಿ ಕೊಪ್ಪಳವೂ ಒಂದು. ಕಿನ್ನಾಳದಲ್ಲಿ ಹಗುರ ಮರದ ಬೊಂಬೆ ಮಾಡುವವರಿದ್ದಾರೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇವೆಲ್ಲ ನಿಜಕ್ಕೂ ಕಡಿಮೆ ಜನ ಹೋಗುವ ಜಾಗಗಳು. ಆದರೆ ಬಸ್‌ಸ್ಟ್ಯಾಂಡು, ಪೂಜಾರಿ, ಅಂಗಡಿ, ಕಟ್ಟೆಯ ಮೇಲೆ ಕೂತ ಹಿರಿಯರು ಇರುವ ಊರುಗಳು. ಬಂದವನನ್ನು ಯಾವ ಊರಪ್ಪಾ ಎಂದು ಕೇಳುವ ಊರುಗಳು. ಇನ್ನೂ ಸಾವಿರ ಜನ ಬಂದರೂ ಇವು ಕೆಡುವುದಿಲ್ಲ. ಹೊರಗಿನವರು ಇವುಗಳನ್ನು ಬಿಟ್ಟು ಬಂಡೆ, ಹೊಳೆಗಳಿಗೇ ಮುಗಿಬೀಳುವುದು ಇವು ಫೋಟೊದಲ್ಲಿ ‘ಅಜ್ಞಾತ’ದ ಹಾಗೆ ಕಾಣುವುದಿಲ್ಲ ಎಂಬ ಕಾರಣಕ್ಕಿರಬೇಕು.

ಇನ್ನು ಹಿರೇಬೆಣಕಲ್. ಗಂಗಾವತಿಯಿಂದ ಹತ್ತಿಪ್ಪತ್ತು ನಿಮಿಷದ ದಾರಿಯ ಈ ಊರಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ, ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. ಬಂಡೆಯಿಂದ ಪದರಪದರವಾಗಿ ಎಬ್ಬಿಸಿದ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ; ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕುಳ್ಳಗಿನ ಮೋರೇರು ಇವುಗಳಲ್ಲಿ ಸಂಸಾರ ಮಾಡುತ್ತಿದ್ದರು ಎಂದು ಸುತ್ತಲ ಜನರ ನಂಬಿಕೆ, ಅದಕ್ಕೇ ಅದು ಮೋರೇರ ಗುಡ್ಡ. ದೊಡ್ಡದೊಂದು ಬಂಡೆಯ ನೆತ್ತಿಯ ಮೇಲೆ ಆಳೆತ್ತರದ, ನಗಾರಿಯ ಆಕಾರದ ಗುಂಡು ಕೂತಿದೆ. ಬಡಿದರೆ ಠಣ್ ಎಂದು ಹೊಮ್ಮುವ ಸದ್ದು ಕಿಲೊಮೀಟರಿನಾಚೆಗೂ ಕೇಳುತ್ತದೆ. ಯಾವ ಕರೆಗೆ, ಯಾರ ಸಾವಿಗೆ ಅದನ್ನು ಬಾರಿಸುತ್ತಿದ್ದರೋ. ಈಗ ಅಲ್ಲಿಗೆ ಹತ್ತಿದವರು ಕಲ್ಲೆತ್ತಿ ಒಂದು ಸಲ ಬಡಿಯದೆ ಇಳಿಯಲಾರರು. ಹತ್ತು ಜನ ಬಡಿದರೆ ಅದು ಕುತೂಹಲ, ದಿನಕ್ಕೆ ಸಾವಿರ ಜನ ಬಡಿದರೆ ಗುಂಡಿಗೆ ಆಯಸ್ಸಿಲ್ಲ. ನಿಧಿಗಳ್ಳರ ಕಾಟ ಬೇರೆ. ಎಷ್ಟೋ ಚಪ್ಪಡಿಗಳು ಮಗುಚಿ ಬಿದ್ದಿವೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಎಂದರೆ ಹೆಸರು ಈಗಾಗಲೇ ಹೊರಟಾಗಿದೆ, ಊರಿಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ. ಹನುಮನಹಳ್ಳಿಗೆ ಸಿಗದೇ ಹೋದ ಸಮಯ ಇದಕ್ಕೆ ಸಿಕ್ಕಿದೆ. ಆ ಗುಡ್ಡದಲ್ಲಿ ಕುರಿ, ಆಡು ಮೇಯಿಸಿಕೊಂಡು ಬಂದವರಿಗೆ ಒಂದೊಂದು ಕಲ್ಮನೆಯ ಜಾಡೂ ಗೊತ್ತಿದೆ. ಅವರಲ್ಲಿ ನಾಲ್ಕೈದು ಜನರಿಗೆ ಸಂಬಳ ಕೊಟ್ಟು, ಅವರನ್ನು ಬಿಟ್ಟು ಯಾರೂ ಮೇಲೆ ಹತ್ತುವಂತಿಲ್ಲ, ದಿನಕ್ಕೆ ಇಂತಿಷ್ಟೇ ಜನ ಎಂದು ಊರಿನ ಪಂಚಾಯಿತಿ ಕಟ್ಟು ಮಾಡಿಕೊಳ್ಳುವುದಕ್ಕೆ ನೂರು ಕೋಟಿ ಬೇಕಿಲ್ಲ. ಗುಡ್ಡದ ಬುಡದವರೆಗೆ ಅಗಲ ರಸ್ತೆಯ ಟೆಂಡರು ಮೊದಲು ಆಗುತ್ತದೋ, ಈ ನಾಲ್ಕೈದು ಜನರ ನೇಮಕ ಮೊದಲು ಆಗುತ್ತದೋ, ಅಷ್ಟನ್ನು ನೋಡಿಕೊಂಡು ಅಲ್ಲಿಗೆ ಹೋಗುವುದು ವಾಸಿ. ಅಲ್ಲಿಯವರೆಗೆ ತಿರುಗಾಟದ ಚಪಲ ತಡೆಯದವರಿಗೆ ಗದಗ–ಕೊಪ್ಪಳ ಮಾರ್ಗದ ರೈಲಿದೆ. ಬನ್ನಿಕೊಪ್ಪದಲ್ಲಿ ಇಳಿದರೆ ಕುಕನೂರು, ಅಲ್ಲಿಂದ ಇಟಗಿ ದೂರವೇನಿಲ್ಲ.